ನಾಳಕ್ಕನ ಅಂಗಡಿಯ ಸಿಡಿಲು ಡಬ್ಬಿ

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಆಗತಾನೆ ಮಾತು ಕಲಿತ ಕೂಸಿನಿಂದ ಹಿಡಿದು ಹಲ್ಲುದುರಿದ ಮುದುಕರ ತನಕ ಎಲ್ಲರ ಬಾಯಲ್ಲೂ ಅವಳು ನಾಳಕ್ಕ. ಹೆಸರೇನು ಪುಕ್ಕಟೆ ಬಂದದ್ದಲ್ಲ, ಮೂವತ್ತೊಂದು ವರ್ಷ ಗಲ್ಲೆಯ ಹಿಂದೆ ಕೂತು ಸಂಪಾದಿಸಿದ್ದು. ಶಾಲೆಯ ಗೇಟಿನ ಎದುರಿಗಿದ್ದ ಆ ಪುಟ್ಟ ಅಂಗಡಿಗೆ ಸೊಸೆಯಾಗಿ ಬಂದ ಮೊದಲ ವಾರವೇ ಅತ್ತೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ವ್ಯಾಪಾರದ ಗುಟ್ಟು ಹೇಳಿಕೊಟ್ಟಿದ್ದರು.

"ನೋಡಮ್ಮ, ಗಿರಾಕಿಗೆ ಯಾವತ್ತೂ ‘ಇಲ್ಲ’ ಅನ್ನಬಾರದು. ಇಲ್ಲ ಅಂದ್ರೆ ಅವರು ಮತ್ತೆ ಈ ಕಡೆ ತಲೆ ಹಾಕಿಯೂ ಮಲಗಲ್ಲ. ‘ನಾಳೆ ಬರುತ್ತೆ’ ಅನ್ನು. ನಗ್ತಾ ಅನ್ನು."

ಸೊಸೆ ಆ ಪಾಠವನ್ನು ಅತ್ತೆಗಿಂತ ಚೆನ್ನಾಗಿ ಕಲಿತುಬಿಟ್ಟಳು. ಸೋಪು ಮುಗಿದಿದ್ದರೆ ನಾಳೆ ಬರುತ್ತೆ, ಬ್ಯಾಟರಿ ಮುಗಿದಿದ್ದರೆ ನಾಳೆ ಬರುತ್ತೆ. ಒಮ್ಮೆ ಕುಡುಕನೊಬ್ಬ ತೂರಾಡುತ್ತ ಬಂದು "ಅಕ್ಕಾ, ಆನೆ ಇದೆಯಾ?" ಎಂದು ಕೇಳಿದ. "ನಾಳೆ ಬರುತ್ತೆ ಕಣಪ್ಪ" ಎಂದಳು. ಅವನು ಮರುದಿನವೂ ಬಂದನಂತೆ. ಆನೆ ಸಿಗದಿದ್ದರೂ ಬೆಂಕಿಪೊಟ್ಟಣ ಕೊಂಡುಕೊಂಡು ಹೋದನಂತೆ. ಇದನ್ನು ಅವಳ ಗಂಡ ಸಿಕ್ಕವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ.

ನಗುವುದೇನೋ ಸರಿ. ಆದರೆ ಅಂಗಡಿಯ ಬುದ್ಧಿ ಅಂಗಡಿಯಲ್ಲೇ ನಿಲ್ಲುವುದಿಲ್ಲವಲ್ಲ, ಅದು ಮನೆಯೊಳಕ್ಕೂ ಬರುತ್ತದೆ, ರಕ್ತಕ್ಕೂ ಇಳಿಯುತ್ತದೆ. ನಾಳಕ್ಕ ಯಾರ ಮುಖವೂ ಬಾಡುವುದನ್ನು ನೋಡಲಾರಳು. ಎದುರಿಗಿದ್ದವರು ಸಂತೋಷವಾಗಿ ಹೋಗಬೇಕು, ಅಷ್ಟೇ. ಅದಕ್ಕಾಗಿ ಚೂರುಪಾರು ಸುಳ್ಳು ಹೇಳಿದರೂ ಅವಳಿಗೆ ಅದು ಸುಳ್ಳೆಂದೇ ಅನ್ನಿಸುತ್ತಿರಲಿಲ್ಲ. ಇಂಥವರನ್ನು ಲೋಕ ಒಳ್ಳೆಯವರು ಎನ್ನುತ್ತದೆ. ನನಗೇನೋ ಇಂಥವರನ್ನು ಕಂಡರೆ ಸ್ವಲ್ಪ ಭಯವೇ.

ಅಂಗಡಿಗೆ ಫ್ರಿಜ್ಜು ಬಂದದ್ದು ಎರಡು ವರ್ಷದ ಹಿಂದೆ. ಗಾಜಿನ ಬಾಗಿಲು, ಒಳಗೆ ನೀಲಿ ದೀಪ, ಆಳೆತ್ತರ. ಇಸ್ತ್ರಿ ಅಂಗಿ ತೊಟ್ಟ ತಂಪುಪಾನೀಯ ಕಂಪನಿಯವನೊಬ್ಬ ಅದನ್ನು ವ್ಯಾನಿನಲ್ಲಿ ತಂದು ಇಳಿಸಿದ. "ಫ್ರಿಜ್ಜು ನಮ್ಮದು ಮೇಡಂ, ಕರೆಂಟು ನಿಮ್ಮದು. ನಡುವಿನ ಎರಡು ತಟ್ಟೆಯಲ್ಲಿ ಮಾತ್ರ ನಮ್ಮ ಡಬ್ಬಿ ತುಂಬಿರ್ಬೇಕು. ಮಿಕ್ಕಿದ್ರಲ್ಲಿ ಹಾಲು, ಬೆಣ್ಣೆ, ಏನು ಬೇಕಾದ್ರೂ ಇಟ್ಕೊಳ್ಳಿ" ಎಂದ. ತನ್ನ ಎದೆಯ ಮಟ್ಟಕ್ಕೆ ಕೈ ಹಿಡಿದು, "ಈ ಎತ್ತರದಲ್ಲಿ" ಎಂದು ತೋರಿಸಿಯೂ ಕೊಟ್ಟ. ಪಾಪ, ಬಗ್ಗದೆ ತೆಗೆಯಲಿ ಅಂತ ಹೇಳುತ್ತಿದ್ದಾನೆ ಎಂದುಕೊಂಡಳು ನಾಳಕ್ಕ. ಆ ಎತ್ತರ ಶಾಲೆಯ ಮಕ್ಕಳ ಕಣ್ಣಿನ ಎತ್ತರ ಎಂದು ಅವಳಿಗೆ ಹೊಳೆಯಬೇಕಾದರೆ ಎರಡು ವರ್ಷ ಹಿಡಿಯಿತು.

ಡಬ್ಬಿಯೆಂದರೆ ಎನರ್ಜಿ ಡ್ರಿಂಕು. ಕಪ್ಪು ಡಬ್ಬಿಯ ಮೇಲೆ ಹಳದಿ ಮಿಂಚಿನ ಚಿತ್ರ. ಮಕ್ಕಳು ಅದಕ್ಕೆ ಸಿಡಿಲು ಎಂದು ಹೆಸರಿಟ್ಟಿದ್ದರು. "ಅಕ್ಕಾ, ಒಂದು ಸಿಡಿಲು." "ಅಕ್ಕಾ, ನಂಗೆರಡು." ಬೆಳಿಗ್ಗೆ ಗಂಟೆ ಹೊಡೆಯುವ ಮೊದಲು ಅಂಗಡಿಯ ಮುಂದೆ ಸಿಡಿಲಿನ ಸುರಿಮಳೆ. ಕುಡಿದರೆ ನಿದ್ದೆ ಬರುವುದಿಲ್ಲ, ಓದಿದ್ದು ತಲೆಗೆ ಅಂಟಿಕೊಳ್ಳುತ್ತದೆ, ಓಟದಲ್ಲಿ ಮುಂದೆ ಬರುತ್ತಾರೆ ಎಂದೆಲ್ಲ ಮಕ್ಕಳೇ ಮಕ್ಕಳಿಗೆ ಹೇಳಿಕೊಳ್ಳುತ್ತಿದ್ದವು. ನಾಳಕ್ಕನ ಗಂಡ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಒಂದು ದಿನ ಭೂತಗನ್ನಡಿ ಹಿಡಿದು ಡಬ್ಬಿಯ ಹಿಂಭಾಗ ಓದಿದ.

"ಇಲ್ನೋಡೇ, ಮಕ್ಕಳಿಗೆ ಕೊಡಬಾರದು ಅಂತ ಬರ್ದಿದೆ. ಇರುವೆ ಕಣ್ಣಿಗೆ ಮಾತ್ರ ಕಾಣೋ ಹಾಗೆ ಬರ್ದಿದೆ."

"ಕೊಡಬಾರದು ಅಂದ್ರೆ ಕಂಪನಿಯವ್ರು ಶಾಲೆ ಎದುರಿಗೆ ಯಾಕೆ ತಂದಿಡ್ತಿದ್ರು ಬಿಡ್ರೀ."

"ನಿದ್ದೇನ ಓಡಿಸ್ತೀನಿ ಅಂತ ನಾನೂ ಏನೇನೋ ಕುಡಿದು ಬಸ್ಸು ಹೊಡೆದಿದ್ದೀನಿ. ಅದು ಎಲ್ಲೂ ಹೋಗಲ್ಲ ಕಣೇ. ಹಿಂದಿನ ಸೀಟಲ್ಲಿ ಸುಮ್ನೆ ಕೂತಿರುತ್ತೆ, ಸಮಯ ನೋಡಿ ಕತ್ತು ಹಿಡಿಯುತ್ತೆ."

ನಾಳಕ್ಕ ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು.

ಡಬ್ಬಿಗೆ ಬರುತ್ತಿದ್ದ ಮಕ್ಕಳಲ್ಲಿ ಗುಂಗುರು ಎಂಬ ಹುಡುಗಿಯನ್ನು ಕಂಡರೆ ಅವಳಿಗೆ ವಿಶೇಷ ಅಕ್ಕರೆ. ಬಾಚಣಿಗೆಗೆ ಸೋಲದ ಗುಂಗುರು ಕೂದಲು, ಹದಿನಾಲ್ಕು ವರ್ಷ, ಬಾಯಿ ತೆರೆದರೆ ಪಟಪಟ ಮಾತು. ತಂದೆಯಿಲ್ಲದ ಮಗು. ತಾಯಿ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಗಲು ಪಾಳಿಯವಳು, ಬೆಳಿಗ್ಗೆ ಆರಕ್ಕೇ ಮನೆ ಬಿಡಬೇಕು. ಗುಂಗುರು ಒಂದು ಒಳ್ಳೆಯ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಪಾಸಾದರೆ ಊಟ, ಪುಸ್ತಕ, ಹಾಸ್ಟೆಲ್ಲು ಎಲ್ಲ ಪುಕ್ಕಟೆ. ಮೊದಮೊದಲು ವಾರಕ್ಕೊಂದು ಡಬ್ಬಿ ಕುಡಿಯುತ್ತಿದ್ದಳು, ಆಮೇಲೆ ದಿನಕ್ಕೊಂದಾಯಿತು. ಪರೀಕ್ಷೆಗೆ ಎರಡು ತಿಂಗಳಿದೆ ಎನ್ನುವಾಗ ದಿನಕ್ಕೆ ಮೂರು.

"ಊಟ ಮಾಡ್ತೀಯೇನೇ, ಬರೀ ಇದನ್ನೇ ಕುಡೀತೀಯಾ?" ಎಂದು ನಾಳಕ್ಕ ಕೇಳಿದರೆ, "ಹಸಿವೇ ಆಗಲ್ಲ ಅಕ್ಕಾ, ಉಳಿತಾಯ ಅಲ್ವಾ" ಎಂದು ಹುಡುಗಿ ನಗುತ್ತಿದ್ದಳು. ಚಿಲ್ಲರೆ ಕೊಡುವಾಗ ಅವಳ ಬೆರಳು ನಡುಗಿ ನಾಣ್ಯ ಕೆಳಗೆ ಬೀಳುತ್ತಿತ್ತು. ಇಬ್ಬರೂ ಬಗ್ಗಿ ಹುಡುಕುತ್ತಿದ್ದರು. ನಾಲ್ಕೈದು ದಿನ ಹೀಗೇ ನಡೆದರೂ ನಾಳಕ್ಕನಿಗೆ ಅದು ಹುಡುಗಾಟದ ಅವಸರ ಎಂದೇ ತೋರಿತು.

ಒಂದು ಸಂಜೆ ಗುಂಗುರುವಿನ ಅಮ್ಮ ಅಂಗಡಿಗೆ ಬಂದಳು. ಕೆಲಸದ ಬಟ್ಟೆಯಲ್ಲೇ ಇದ್ದಳು, ಮೈಯಿಂದ ಸೋಡಾಪುಡಿಯ ವಾಸನೆ ಬರುತ್ತಿತ್ತು. ಏನೂ ಕೊಳ್ಳದೆ ಗಲ್ಲೆಗೆ ಕೈಯೂರಿ ನಿಂತಳು.

"ಅಕ್ಕಾ, ನನ್ನ ಮಗಳು ಮಲಗಿ ಎಷ್ಟು ದಿನ ಆಯ್ತೋ. ಎದೆ ಡಬಡಬ ಹೊಡ್ಕೊಳ್ಳುತ್ತೆ ಅಂತಾಳೆ. ಡಾಕ್ಟ್ರು ಕೈ ಹಿಡಿದು ನೋಡಿದ್ರು, ಸುಮ್ನೆ ಕೂತಿದ್ರೂ ನಾಡಿ ನೂರ ಹದಿನೆಂಟಂತೆ. ಅವರಪ್ಪಂಗೂ ಎದೇದೇ ಖಾಯಿಲೆ ಇತ್ತಲ್ಲ, ಅದೇ ಇರ್ಬೋದಾ ಅಂತ ದೊಡ್ಡ ದೊಡ್ಡ ಪರೀಕ್ಷೆ ಬರ್ಕೊಟ್ಟಿದ್ದಾರೆ. ಏನಾದ್ರೂ ಕುಡೀತಾಳಾ, ಎನರ್ಜಿ ಡ್ರಿಂಕು ಗಿಂಕು, ಅಂತ ಕೇಳಿದ್ರು. ಕೇಳಿದ್ರೆ ಇವಳು ಇಲ್ಲವೇ ಇಲ್ಲ ಅಂತಾಳೆ. ದಿನಾ ನಿಮ್ಮ ಹತ್ರ ಬರ್ತಾಳಲ್ಲ, ಏನು ತಗೋತಾಳೆ?"

ನಾಳಕ್ಕನ ಬೆನ್ನ ಹಿಂದೆಯೇ ಫ್ರಿಜ್ಜು ಗುಂಯ್‌ ಅನ್ನುತ್ತಿತ್ತು. ಎದುರಿಗೆ ಆ ತಾಯಿಯ ಬಾಡಿದ ಮುಖ. ಇನ್ನೂ ಬಾಡಿಸುವುದು ಹೇಗೆ? ನಾಲಿಗೆ ತನ್ನಷ್ಟಕ್ಕೆ ಹೊರಳಿತು.

"ಬಿಸ್ಕತ್ತು ಕಣಮ್ಮ. ಒಂದೊಂದ್ಸಲ ಪೆನ್ಸಿಲ್ಲು. ಅಷ್ಟೇ."

"ಬದುಕಿಸಿದ್ರಿ ಅಕ್ಕ. ನಿಮ್ಮ ಮಾತು ಸಾಕು ನಂಗೆ" ಎಂದು ಆಕೆ ಹೊರಟುಹೋದಳು. ನಗುತ್ತಲೇ ಹೋದಳು. ಗಿರಾಕಿ ನಗುತ್ತ ಹೋಗಬೇಕು ಎಂಬ ಅತ್ತೆಯ ಆಸೆ ಅವತ್ತಿನಷ್ಟು ಚೆನ್ನಾಗಿ ಎಂದೂ ನೆರವೇರಿರಲಿಲ್ಲ. ನಾಳಕ್ಕ ಮಾತ್ರ ಅವತ್ತು ಹೊತ್ತಿಗೆ ಮೊದಲೇ ಅಂಗಡಿ ಬಾಗಿಲು ಹಾಕಿದಳು.

ಮರುದಿನ ಬೆಳಿಗ್ಗೆ ಅವಳು ತನಗೆ ತಿಳಿದ ಒಂದೇ ಉಪಾಯ ಮಾಡಿದಳು. ಡಬ್ಬಿಗಳನ್ನೆಲ್ಲ ಫ್ರಿಜ್ಜಿನಿಂದ ತೆಗೆದು ಬಟ್ಟೆಸೋಪಿನ ಪೆಟ್ಟಿಗೆಯ ಹಿಂದೆ ಬಚ್ಚಿಟ್ಟಳು. ಮಕ್ಕಳು ಬಂದವು. "ಅಕ್ಕಾ, ಸಿಡಿಲು?"

"ನಾಳೆ ಬರುತ್ತೆ ಮರಿ."

ಇಡೀ ಜಗತ್ತಿನಲ್ಲಿ ನಾಳಕ್ಕ ಒಬ್ಬಳೇ ಮಾಡಬಹುದಾದ ತಪ್ಪು ಇದು. ಮಕ್ಕಳಿಗೆ ಬೇಡ ಎಂದಿದ್ದರೆ ಮುಖ ಊದಿಸಿಕೊಂಡು ಹೋಗುತ್ತಿದ್ದವು. ನಾಳೆ ಬರುತ್ತೆ ಎಂದರೆ ಇವತ್ತು ಮುಗಿದಿದೆ ಎಂದರ್ಥ. ಮುಗಿಯುತ್ತಿರುವ ವಸ್ತುವಿನ ಮೇಲೆ ಯಾರಿಗೆ ಆಸೆಯಿಲ್ಲ ಹೇಳಿ? ಮೊದಲ ದಿನ ಸಿಡಿಲು ಸಿಗುತ್ತಿಲ್ಲವಂತೆ ಎಂದಾಯಿತು. ಎರಡನೆಯ ದಿನ ಕಂಪನಿಯೇ ಮುಚ್ಚಿತಂತೆ ಎಂದಾಯಿತು. ಮೂರನೆಯ ದಿನ ಅದುವರೆಗೆ ಅದರ ವಾಸನೆ ಕೂಡ ನೋಡದಿದ್ದ ಐದನೇ ಕ್ಲಾಸಿನ ಪುಟಾಣಿಗಳು ಸಾಲಾಗಿ ನಿಂತು, "ಅಕ್ಕಾ, ಬಂತಾ?" ಎಂದು ಕೇಳತೊಡಗಿದವು. ಸಿಗದೆ ಹೋದಾಗ ಎಲ್ಲ ದಂಡು ಕಟ್ಟಿಕೊಂಡು ಮೂಲೆ ಅಂಗಡಿಗೆ ಓಡಿದವು.

ಮೂಲೆ ಅಂಗಡಿ ನಾಳಕ್ಕನ ಮೈದುನನದು. ಗಂಡನ ತಮ್ಮ, ಮಾತಿನ ಮಲ್ಲ, ಹೊಟ್ಟೆ ಸ್ವಲ್ಪ ಮುಂದೆ. ಆ ಸಂಜೆ ಅವನು ಕೈಯಲ್ಲಿ ಅರ್ಧ ಕಿಲೋ ಸಕ್ಕರೆಯ ಪೊಟ್ಟಣ ಹಿಡಿದು ಬಂದ.

"ತಗೊಳ್ಳಿ ಅತ್ತಿಗೆ. ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು ಅಂತಾನೇ ತಂದೆ."

"ಏನಪ್ಪಾ ಇದು?"

"ಒಂದು ತಿಂಗಳ ಮಾಲು ಮೂರು ದಿನಕ್ಕೆ ಖಾಲಿ. ನೀವು ‘ನಾಳೆ ಬರುತ್ತೆ’ ಅಂದಿದ್ದೇ ತಡ, ಮಕ್ಕಳು ಆರಾರು ಡಬ್ಬಿ ಹೊತ್ಕೊಂಡು ಹೋಗ್ತಿದ್ದಾವೆ. ಆ ಗುಂಗುರು ಕೂದಲಿನ ಹುಡುಗಿ ಇದೆಯಲ್ಲ, ಪರೀಕ್ಷೆ ತನಕ ಬೇಕು ಅಂತ ಹುಂಡಿ ಒಡೆದು ತಂದಿತ್ತು. ಒಂದು ಪೆಟ್ಟಿಗೆ ತಗೊಂಡು ಹೋಯ್ತು."

ನಾಳಕ್ಕ ಸಕ್ಕರೆಯ ಪೊಟ್ಟಣವನ್ನು ಹಾಗೇ ಗಲ್ಲೆಯ ಮೇಲೆ ಇಟ್ಟಳು. ದಿನಕ್ಕೆ ಮೂರು ಕುಡಿಯುತ್ತಿದ್ದ ಮಗುವಿನ ಮಂಚದ ಕೆಳಗೆ ಈಗ ತನ್ನ ಕೈಯಾರೆ ಒಂದು ಪೆಟ್ಟಿಗೆಯನ್ನೇ ಇಟ್ಟಂತಾಗಿತ್ತು. ತನ್ನ ಸುಳ್ಳಿನಿಂದ ಅತ್ತ ಡಾಕ್ಟರು ಇಲ್ಲದ ಖಾಯಿಲೆ ಹುಡುಕುತ್ತಿದ್ದಾರೆ. ತನ್ನ ಉಪಾಯದಿಂದ ಇತ್ತ ಇರುವ ಖಾಯಿಲೆ ಬೆಳೆಯುತ್ತಿದೆ. ಆ ಎದೆ ಎಲ್ಲಾದರೂ ನಿಂತುಹೋದರೆ? ಮೈದುನ ಹೋದ ಮೇಲೆ ಗಂಡನ ಮುಂದೆ ಎಲ್ಲ ಹೇಳಿಕೊಂಡು ಅತ್ತಳು. ಅವನು ನಗಲಿಲ್ಲ.

"ನನ್ ಹತ್ರ ಅತ್ರೆ ಏನು ಬಂತು? ಹೇಳ್ಬೇಕಾದವ್ರಿಗೆ ಹೇಳು" ಎಂದ.

"ಬೀದಿ ತುಂಬ ಹೇಳ್ಬಿಡ್ತಾಳೆ ರೀ. ನಾಳೆಯಿಂದ ಯಾವ ತಾಯಿ ನಮ್ಮ ಅಂಗಡಿಗೆ ಬರ್ತಾಳೆ?"

"ಬರದಿದ್ರೆ ಬೇಡ. ನಂಗೆ ಪಿಂಚಣಿ ಬರುತ್ತೆ, ಆ ಮಗೂಗೆ ಇನ್ನೊಂದು ಎದೆ ಬರಲ್ಲ."

ಮರುದಿನ ಹತ್ತು ಗಂಟೆಗೆ ಅಂಗಡಿಯನ್ನು ಗಂಡನ ಕೈಗೆ ಬಿಟ್ಟು ನಾಳಕ್ಕ ಆಸ್ಪತ್ರೆಯ ಹಿಂಬಾಗಿಲಿಗೆ ಹೋದಳು. ಬಟ್ಟೆ ಒಗೆಯುವ ವಿಭಾಗ ಅಲ್ಲಿದೆ. ಒಳಗೆ ಕೋಣೆಯಷ್ಟು ದೊಡ್ಡ ಯಂತ್ರಗಳು, ಕಣ್ಣು ಕುಕ್ಕುವ ಬಿಳಿ ದೀಪಗಳು, ಬಿಸಿ ಹಬೆ. ಒಣಗಿದ ಹಾಸಿಗೆ ಹೊದಿಕೆಗಳು ಒಂದು ಗುಡ್ಡೆ, ಮಡಿಸಿದವು ಇನ್ನೊಂದು ಗುಡ್ಡೆ. ಹೆಂಗಸರು ಜೋಡಿ ಜೋಡಿಯಾಗಿ ನಿಂತು ಮಡಿಸುತ್ತಿದ್ದರು. ಗುಂಗುರುವಿನ ಅಮ್ಮನ ಜೊತೆಗಾತಿ ಆಗಷ್ಟೇ ನೀರು ಕುಡಿಯಲು ಹೋಗಿದ್ದಳು. ನಾಳಕ್ಕ ಏನೂ ಹೇಳದೆ ಹೊದಿಕೆಯ ಇನ್ನೆರಡು ಮೂಲೆ ಹಿಡಿದು ನಿಂತಳು.

"ಅಯ್ಯೋ, ನೀವ್ಯಾಕೆ ಅಕ್ಕ?"

"ಮಡಿಸ್ತಾ ಇರು ಕಣಮ್ಮ. ಸುಮ್ನೆ ನಿಂತ್ರೆ ನಂಗೆ ಹೇಳೋಕಾಗಲ್ಲ."

ಹೊದಿಕೆ ಮಡಿಸುವುದೆಂದರೆ ಇಬ್ಬರು ದೂರ ನಿಂತು ಜಗ್ಗಬೇಕು, ಆಮೇಲೆ ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ದೂರ ಇದ್ದಾಗ ಮಾತು ಬರುತ್ತಿತ್ತು, ಹತ್ತಿರ ಬಂದಾಗ ಅದೇ ಮಾತು ಒಳಕ್ಕೆ ಹೋಗುತ್ತಿತ್ತು. ಮೂರನೆಯ ಹೊದಿಕೆಯ ಕೊನೆಯ ಮಡಿಕೆಗೆ ಇಬ್ಬರ ಬೆರಳೂ ತಾಗಿದಾಗ ನಾಳಕ್ಕ ಹೇಳಿಬಿಟ್ಟಳು.

"ಬಿಸ್ಕತ್ತಲ್ಲ ಕಣಮ್ಮ. ದಿನಕ್ಕೆ ಮೂರು ಡಬ್ಬಿ ಸಿಡಿಲು ಕುಡೀತಿದ್ಲು. ನಾನೇ ಕೊಡ್ತಿದ್ದೆ. ಈಗ ನಿಮ್ಮ ಮನೇಲಿ ಒಂದು ಪೆಟ್ಟಿಗೇನೇ ಇದೆ, ಮೊದ್ಲು ಅದನ್ನ ಹುಡುಕು. ನಿನ್ನ ಮುಖ ನೋಡಿ ಅವತ್ತು ಸುಳ್ಳು ಹೇಳ್ಬಿಟ್ಟೆ."

ಆ ತಾಯಿ ಕೂಗಾಡಲಿಲ್ಲ. ಹೊದಿಕೆಯನ್ನು ಗುಡ್ಡೆಯ ಮೇಲೆ ಇಟ್ಟು, ಅಂಗೈಯಿಂದ ಎರಡು ಸಲ ಒತ್ತಿದಳು.

"ಡಾಕ್ಟ್ರು ಮೂರು ಸಲ ಕೇಳಿದ್ರು. ನಾನು ನಿಮ್ಮ ಮಾತು ನಂಬಿ ಮೂರು ಸಲಾನೂ ಆಣೆ ಮಾಡಿದೆ. ಇವತ್ತು ನಾಲ್ಕು ಗಂಟೆಗೆ ಯಂತ್ರದೊಳಗೆ ಮಲಗಿಸಿ ನೋಡ್ತೀವಿ ಅಂದಿದ್ರು." ಇನ್ನೊಂದು ಹೊದಿಕೆ ಎಳೆದುಕೊಂಡಳು. "ಹೋಗಿ ಅಕ್ಕ. ನಂಗೆ ಕೆಲಸ ಇದೆ."

ನಾಳಕ್ಕ ಕತ್ತು ಬಗ್ಗಿಸಿ ಬಂದಳು. ಬೈದಿದ್ದರೆ ಹಗುರವಾಗುತ್ತಿತ್ತು. ದಾರಿಯುದ್ದಕ್ಕೂ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ಇದ್ದಳು.

ಮರುದಿನ ಬೆಳಿಗ್ಗೆ ಗುಂಗುರು ಬಂದಳು. ಕಣ್ಣು ಕೆಂಪಾಗಿತ್ತು, ತಲೆನೋವಿಗೆ ಹಣೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಪೆಟ್ಟಿಗೆ ಅಮ್ಮನ ಕೈಗೆ ಸಿಕ್ಕಿತ್ತು.

"ಒಂದೇ ಒಂದು ಕೊಡಿ ಅಕ್ಕಾ. ತಲೆ ಸಿಡೀತಿದೆ."

ನಾಳಕ್ಕ ಗಲ್ಲೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಳು. ಮೂವತ್ತೊಂದು ವರ್ಷದಲ್ಲಿ ಆಡದ ಮಾತು ಹೊರಬರುವಾಗ ಧ್ವನಿ ಒಡೆಯಿತು.

"ಇಲ್ಲ ಕಣೇ."

"ನಾಳೆ?"

"ನಾಳೇನೂ ಇಲ್ಲ. ನೀನು ದೊಡ್ಡೋಳಾಗೋ ತನಕ ಇಲ್ಲ."

ಹುಡುಗಿ ದಿಟ್ಟಿಸಿ ನೋಡಿದಳು. "ಅಮ್ಮಂಗೆ ಹೇಳಿದ್ದು ನೀವೇ. ಎಲ್ಲರಿಗಿಂತ ನಿಮ್ಮನ್ನೇ ನಂಬಿದ್ದೆ" ಎಂದು ಹೇಳಿ ತಿರುಗಿ ಹೋದಳು. ಅವಳ ಮುಖ ಬಾಡಿದ್ದನ್ನು ನಾಳಕ್ಕ ಕಣ್ಣಾರೆ ನೋಡಿದಳು. ಎದೆಗೆ ಚೂರಿ ಹಾಕಿದಷ್ಟು ನೋವಾಯಿತು. ಆದರೂ ಕರೆಯಲಿಲ್ಲ.

ಅವತ್ತಿನಿಂದ ಅಂಗಡಿಯಲ್ಲಿ ಹೊಸ ಕಾನೂನು. ಶಾಲೆ ಮುಗಿಸದ ಯಾರಿಗೂ ಸಿಡಿಲಿಲ್ಲ. ಮಕ್ಕಳೇನು ಸಾಮಾನ್ಯವೇ? ಯೂನಿಫಾರ್ಮಿನ ಮೇಲೆ ಅಣ್ಣನ ಅಂಗಿ ಹಾಕಿಕೊಂಡು ಬಂದವು, ಅಪ್ಪನಿಗೆ ಬೇಕಂತೆ ಎಂದವು. ಒಬ್ಬ ಧೀರ ಪೆನ್ಸಿಲಿನಲ್ಲಿ ಮೀಸೆ ಬರೆದುಕೊಂಡು ಬಂದು ಗಡಸು ದನಿಯಲ್ಲಿ, "ಒಂದು ಸಿಡಿಲು ಕೊಡಮ್ಮಾ" ಎಂದ.

"ಕೊಡ್ತೀನಿ ಯಜಮಾನ್ರೇ, ಮೊದ್ಲು ಮೂಗು ಒರೆಸ್ಕೊಳ್ಳಿ, ಮೀಸೆ ಕರಗ್ತಿದೆ" ಎಂದಳು ನಾಳಕ್ಕ. ಅವಳನ್ನು ವಯಸ್ಸಿನ ವಿಷಯದಲ್ಲಿ ಏಮಾರಿಸಲು ಯಾರಿಗೆ ಸಾಧ್ಯ? ಆ ಶಾಲೆಯ ಒಂದೊಂದು ಮಗುವಿಗೂ ಮೊದಲ ಬಳಪ ಕೊಟ್ಟವಳು ಅವಳು.

ಕಂಪನಿಯವನು ತಿಂಗಳ ತಪಾಸಣೆಗೆ ಬಂದಾಗ ನಡುವಿನ ಎರಡು ತಟ್ಟೆಯಲ್ಲಿ ಹಾಲಿನ ಪೊಟ್ಟಣ, ಬೆಣ್ಣೆ, ನಿಂಬೆಹಣ್ಣು ಕೂತಿದ್ದವು. ಸಿಡಿಲು ಡಬ್ಬಿಗಳು ಎಲ್ಲಕ್ಕಿಂತ ಮೇಲೆ, ಮಕ್ಕಳಿಗೆ ಎಟುಕದಷ್ಟು ಎತ್ತರದಲ್ಲಿದ್ದವು. ಅವನು ಫ್ರಿಜ್ಜು ಇಳಿಸಿದ ದಿನ ಬರೆಸಿಕೊಂಡಿದ್ದ ಕಾಗದ ತೋರಿಸಿದ, ಅದರ ಮೇಲಿನ ನಾಳಕ್ಕನ ಸಹಿ ತೋರಿಸಿದ. ಎರಡನೆಯ ದಿನ ಇಬ್ಬರು ಆಳುಗಳು ಬಂದು ಫ್ರಿಜ್ಜನ್ನು ಹೊತ್ತೊಯ್ದರು. ಅದಿದ್ದ ಜಾಗದಲ್ಲಿ ಚೌಕಾಕಾರದ ಬಿಳಿ ನೆಲ ಉಳಿಯಿತು. ತಂಪು ಹೋದ ಮೇಲೆ ಹಾಲಿನ ಗಿರಾಕಿಗಳೂ ಹೋದರು. ಗಂಡ ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಮಂಜುಗಡ್ಡೆ ತಂದು ಹಳೆಯ ಪೆಟ್ಟಿಗೆಗೆ ತುಂಬುತ್ತಿದ್ದ. ಮಧ್ಯಾಹ್ನದೊಳಗೆ ಅದು ಕರಗುತ್ತಿತ್ತು, ಅರ್ಧ ಹಾಲು ಒಡೆಯುತ್ತಿತ್ತು.

ಮೈದುನನಿಗೆ ಅತ್ತಿಗೆಯ ಸಂಕಟ ನೋಡಲಾಗಲಿಲ್ಲ. ಅವನೇನು ಕೆಟ್ಟವನಲ್ಲ, ಹೇಳಿಬಿಡುತ್ತೇನೆ.

"ಅತ್ತಿಗೆ, ನೀವೇನು ಸರ್ಕಾರವಾ? ಕಾನೂನು ಇಲ್ಲದ್ದನ್ನ ನೀವ್ಯಾಕೆ ತಲೆ ಮೇಲೆ ಹಾಕ್ಕೊಳ್ತೀರಿ? ನೀವು ಕೊಡದಿದ್ರೆ ನಾನು ಕೊಡ್ತೀನಿ, ನಾನು ಕೊಡದಿದ್ರೆ ಆಚೆ ಬೀದಿಯವನು ಕೊಡ್ತಾನೆ. ಮಕ್ಕಳಿಗೆ ಕಾಲಿಲ್ವಾ? ಹಾಗೆ ನೋಡಿದ್ರೆ ಮಿಠಾಯೀನೂ ಹಲ್ಲಿಗೆ ಕೆಟ್ಟದ್ದು, ಅದನ್ನೂ ನಿಲ್ಲಿಸ್ತೀರಾ? ಮಕ್ಕಳನ್ನ ನೋಡ್ಕೊಳ್ಳೋದು ಅಪ್ಪ ಅಮ್ಮನ ಕೆಲಸ."

ನಾಳಕ್ಕನಿಗೆ ವಾದ ಬಾರದು. ಅವನು ಹೇಳಿದ ಒಂದೊಂದೂ ಸರಿಯೆಂದೇ ತೋರಿತು. "ಅಪ್ಪ ಅಮ್ಮ ಕೆಲಸಕ್ಕೆ ಹೋಗಿರ್ತಾರೆ ಕಣಪ್ಪ. ಆ ಹೊತ್ತಲ್ಲಿ ಮಗೂನ ಎದುರಿಗೆ ನೋಡ್ತಾ ಇರೋಳು ನಾನು. ಬೇರೆಯವರು ಕೊಟ್ರೆ ಕೊಡಲಿ, ನನ್ನ ಕೈಯಿಂದ ಬೇಡ" ಎಂದಷ್ಟೇ ಹೇಳಿದಳು.

"ನಿಮ್ಮಿಷ್ಟ. ಹಾಲು ಬೇಕಾದ್ರೆ ನನ್ನ ಫ್ರಿಜ್ಜಲ್ಲಿ ಇಟ್ಕೊಳ್ಳಿ" ಎಂದು ಗೊಣಗಿಕೊಂಡು ಹೋದ.

ಅಷ್ಟರಲ್ಲಿ ಗುಂಗುರುವಿನ ಸುದ್ದಿ ಬಸ್‌ಸ್ಟಾಪಿನಿಂದ ಬಂತು. ನಾಳಕ್ಕನ ಗಂಡ ಅಲ್ಲಿ ಕಾದು ನಿಂತು ಆ ತಾಯಿಯನ್ನು ಮಾತಾಡಿಸಿಕೊಂಡು ಬಂದಿದ್ದ. ಡಬ್ಬಿಯ ವಿಷಯ ತಿಳಿದ ಕೂಡಲೇ ಡಾಕ್ಟರು ದೊಡ್ಡ ಪರೀಕ್ಷೆಗಳನ್ನು ನಿಲ್ಲಿಸಿದರಂತೆ. ಮೊದಲು ಕುಡಿಯುವುದು ಬಿಡಲಿ, ದಿನಾ ಎರಡು ಸಲ ನಾಡಿ ಎಣಿಸಿ ಬರೆದಿಡಿ, ತಿಂಗಳಾದ ಮೇಲೂ ಇಳಿಯದಿದ್ದರೆ ಆಗ ನೋಡೋಣ ಎಂದರಂತೆ. ಮೊದಲ ವಾರ ಹುಡುಗಿ ತಲೆನೋವಿಗೆ ಗೋಡೆಗೆ ತಲೆ ಚಚ್ಚಿಕೊಂಡಳಂತೆ. ಈಗ ಪರವಾಗಿಲ್ಲ, ಆದರೆ ನಿದ್ದೆ ಇನ್ನೂ ಸರಿಯಾಗಿ ಬರುತ್ತಿಲ್ಲ.

"ನನ್ನ ವಿಷಯ ಏನಾದ್ರೂ ಅಂದ್ಲಾ?" ಎಂದು ನಾಳಕ್ಕ ಕೇಳಿದಳು.

ಗಂಡ ಟೋಪಿ ಸರಿಮಾಡಿಕೊಂಡ. "ನೀನು ಹೇಗಿದ್ದೀಯ ಅಂತ ಕೇಳ್ಲಿಲ್ಲ" ಎಂದ.

ಬೀದಿಯಲ್ಲಿ ಎದುರಾದರೆ ಆಕೆ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದಳು. ಬೀದಿಯಲ್ಲಿ ಯಾರ ಮುಂದೆಯೂ ನಾಳಕ್ಕನ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ನಾಳಕ್ಕನಿಗೆ ಅದೇ ಹೆಚ್ಚು ಚುಚ್ಚುತ್ತಿತ್ತು. ಅಂಗಡಿ ಹೋದರೆ ಹೋಗಲಿ, ಆ ಮಗುವಿನ ಎದೆ ಸರಿಹೋದರೆ ಸಾಕು ಎಂದು ದಿನವೂ ಅಂದುಕೊಳ್ಳುತ್ತಿದ್ದಳು. ಹೋಗಿ ವಿಚಾರಿಸಲು ಮಾತ್ರ ಮುಖವಿರಲಿಲ್ಲ.

ಹೀಗೆ ಮೂರು ವಾರ ಕಳೆಯಿತು. ಒಂದು ಶನಿವಾರ, ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತ್ತು. ಮೂರು ಗಂಟೆಯ ಹೊತ್ತಿಗೆ ಗುಂಗುರು ಅಂಗಡಿಯ ಮೆಟ್ಟಿಲ ಬಳಿ ಬಂದು ನಿಂತಳು. ಕೈಯಲ್ಲಿ ದಪ್ಪ ಪುಸ್ತಕ, ಕಣ್ಣು ಮಾತ್ರ ಎಲ್ಲೋ.

"ಪಕ್ಕದ ಮನೇಲಿ ಗೋಡೆ ಕೊರೀತಿದ್ದಾರೆ. ಅಮ್ಮ ಬರೋದು ಐದು ಗಂಟೆಗೆ. ಇಲ್ಲಿ ಕೂತು ಓದ್ಲಾ?"

"ಬಾ" ಎಂದಳು ನಾಳಕ್ಕ. ಇನ್ನೇನಾದರೂ ಆಡಿದರೆ ಹುಡುಗಿ ಹೊರಟುಹೋದಾಳೆಂದು ಅಷ್ಟಕ್ಕೇ ನಿಲ್ಲಿಸಿದಳು.

ಫ್ರಿಜ್ಜು ಹೋದ ಜಾಗದಲ್ಲಿ ಒಂದು ಬೆಂಚು ಹಾಕಿದ್ದರು. ಗುಂಗುರು ಅದರ ಮೇಲೆ ಕಾಲು ಮಡಿಸಿ ಕೂತು ಪುಸ್ತಕ ತೆರೆದಳು. ಹತ್ತು ನಿಮಿಷ ತುಟಿ ಅಲುಗಿತು. ಆಮೇಲೆ ತೂಕಡಿಸಿದಳು, ಗೋಡೆಗೊರಗಿದಳು, ಮೆಲ್ಲಗೆ ಅಕ್ಕಿ ಮೂಟೆಯ ಮೇಲೆ ಜಾರಿ ಬಾಯಿ ತೆರೆದು ಮಲಗಿಬಿಟ್ಟಳು. ನಾಳಕ್ಕ ಉಸಿರು ಬಿಗಿಹಿಡಿದು ನೋಡಿದಳು. ಎದ್ದು ಬಂದು ಅವಳ ಎದೆಯ ಮೇಲಿನ ಪುಸ್ತಕ ತೆಗೆದಿಟ್ಟು ಅರ್ಧ ಬಾಗಿಲು ಮುಚ್ಚಿದಳು.

ಮುಂದಿನ ಎರಡು ಗಂಟೆ ಆ ಅಂಗಡಿಯಲ್ಲಿ ನಡೆದ ವ್ಯಾಪಾರ ನೋಡಬೇಕಿತ್ತು ನೀವು. ಬಂದವರಿಗೆಲ್ಲ ನಾಳಕ್ಕನ ಗಂಡ ಮೆಟ್ಟಿಲಲ್ಲೇ ತುಟಿಗೆ ಬೆರಳಿಡುತ್ತಿದ್ದ. ಬೇಳೆ ಕೇಳಿದವರು ಸನ್ನೆ ಮಾಡಿ ಕೇಳಿದರು. ತಕ್ಕಡಿಯ ತಟ್ಟೆ ಸದ್ದಾಗಬಾರದೆಂದು ನಾಳಕ್ಕ ಅಂಗೈಯನ್ನು ಕೆಳಗೆ ಕೊಟ್ಟು ತೂಗಿದಳು. ಅಷ್ಟರಲ್ಲಿ ಮೈದುನ ದುಡುದುಡು ಬಂದ.

"ಅತ್ತಿಗೆ, ಆ ಕಂಪನಿಯವನು ನಿಮ್ಮ ಪಾಲಿನ ಡಬ್ಬೀನೂ ನನಗೇ ಕೊಡ್ತೀನಿ ಅಂತ..." ಎಂದು ಶುರುಮಾಡಿದವನು ಅಣ್ಣನ ಬೆರಳು ನೋಡಿ ಬಾಯಿ ಮುಚ್ಚಿದ. ಬೆಂಚಿನ ಕಡೆ ಬಗ್ಗಿ ನೋಡಿದ. ಬೆಂಚಿನಾಚೆ ಜೋತುಬಿದ್ದಿದ್ದ ಕೈ, ಮುಷ್ಟಿಯಷ್ಟು ಅಗಲದ ಮುಖ. ಅಂಗಡಿಯ ಗಡಿಬಿಡಿಯಲ್ಲಿ ಅವನು ಯಾವ ಮಗುವನ್ನೂ ಇಷ್ಟು ಹೊತ್ತು ನೋಡಿದವನಲ್ಲ.

"ಎಷ್ಟು ವರ್ಷ ಇದಕ್ಕೆ?" ಎಂದು ಪಿಸುಗುಟ್ಟಿದ.

"ಹದಿನಾಲ್ಕು."

"ಪೆಟ್ಟಿಗೆ ತಗೊಳ್ಳುವಾಗ ಹದಿನೆಂಟು ಅಂದಿತ್ತು."

"ನೀನು ನಂಬಿದ್ಯಾ?"

ಮೈದುನ ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡ. "ಸೋಮವಾರದಿಂದ ನಾನೂ ಕೊಡಲ್ಲ. ಆದ್ರೆ ಆಚೆ ಬೀದಿಯವನು ಕೊಡ್ತಾನಲ್ಲ, ಅದಕ್ಕೇನು ಮಾಡೋದು?"

"ಇಬ್ರೂ ಹೋಗಿ ಕೇಳೋಣ. ಮಾತಾಡೋದು ನೀನು, ಜೊತೆಗೆ ನಾನಿರ್ತೀನಿ."

"ಅವನು ಒಪ್ಪದಿದ್ರೆ?"

"ಮತ್ತೆ ಹೋಗೋಣ."

ಮೈದುನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದ.

ಐದೂವರೆಗೆ ಗುಂಗುರುವಿನ ಅಮ್ಮ ಓಡೋಡಿ ಬಂದಳು. ಮನೆಯಲ್ಲಿ ಮಗಳು ಕಾಣದೆ ಬೀದಿಯೆಲ್ಲ ಹುಡುಕಿದ್ದಳು. ಮುಖದಲ್ಲಿ ಬೆವರು. ನಾಳಕ್ಕನ ಮೇಲೆ ಎಷ್ಟು ಸಿಟ್ಟಿತ್ತೋ, ಬಾಗಿಲಲ್ಲಿ ಅವಳನ್ನು ಕಂಡ ಕೂಡಲೇ ಅಷ್ಟೂ ಬಾಯಿಗೆ ಬಂದಿತ್ತು. ಮಾತಾಡುವ ಮೊದಲು ಮಗಳು ಕಂಡಳು. ಆಕೆ ಅಲ್ಲೇ ನಿಂತುಬಿಟ್ಟಳು.

"ಎಷ್ಟು ಹೊತ್ತಾಯ್ತು ಮಲಗಿ?"

"ಎರಡು ಗಂಟೆ ಮೇಲಾಯ್ತು. ಏಳಿಸ್ಲಾ?"

"ಬೇಡ. ಬೇಡ ಅಕ್ಕ."

ಮೂರು ವಾರದ ಮೇಲೆ ಆಕೆಯ ಬಾಯಿಂದ ‘ಅಕ್ಕ’ ಎಂಬ ಮಾತು ಬಂದಿತ್ತು. ಆಕೆ ಬೆಂಚಿನ ಪಕ್ಕ ನೆಲದ ಮೇಲೆ ಕೂತು, ಜೋತುಬಿದ್ದಿದ್ದ ಮಗಳ ಕೈಯನ್ನು ಮೆಲ್ಲಗೆ ಎತ್ತಿ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು. ಅಂಗಡಿಯ ಗೋಡೆ ಗಡಿಯಾರದ ಮೇಲೆ ಕಣ್ಣು ನೆಟ್ಟಳು. ತುಟಿಗಳು ಎಣಿಸುತ್ತಿದ್ದವು. ನಾಳಕ್ಕ ಗಲ್ಲೆಯ ಹಿಂದೆ ನಿಂತೇ ಇದ್ದಳು. ಆ ಒಂದು ನಿಮಿಷ ಅವಳಿಗೆ ಒಂದು ವರ್ಷವಾಯಿತು. ಗಡಿಯಾರದ ಉದ್ದ ಮುಳ್ಳು ಒಂದು ಮನೆ ಸರಿದಾಗ ತಾಯಿ ಉಸಿರು ಬಿಟ್ಟಳು.

"ಅರವತ್ತಾರು."

ನಾಳಕ್ಕ ಗಲ್ಲೆಗೆ ಒರಗಿದಳು. ಕಣ್ಣೀರು ಧಾರಾಕಾರ ಸುರಿಯತೊಡಗಿತು. ತಾಯಿ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ ಬೆಂಚಿನ ಪಕ್ಕದಲ್ಲಿ ತುಸು ಸರಿದು ಜಾಗ ಮಾಡಿಕೊಟ್ಟಳು.

"ಬನ್ನಿ ಅಕ್ಕ. ನೀವೂ ಎಣಿಸಿ ನೋಡಿ."

ನಾಳಕ್ಕ ಗಲ್ಲೆ ದಾಟಿ ಬಂದು ನೆಲದ ಮೇಲೆ ಕೂತಳು. ಅವಳ ಒರಟು ಬೆರಳಿಗೆ ಮೊದಲು ಏನೂ ಸಿಗಲಿಲ್ಲ. ತಾಯಿ ಆ ಬೆರಳನ್ನು ಹಿಡಿದು ಒಂದಿಷ್ಟು ಪಕ್ಕಕ್ಕೆ ಸರಿಸಿ, ಮೇಲಿಂದ ತನ್ನ ಬೆರಳಿಟ್ಟು ಒತ್ತಿದಳು. ಆಗ ಸಿಕ್ಕಿತು. ನಾಳಕ್ಕ ಒಂದು, ಎರಡು ಎಂದು ಎಣಿಸಲು ಶುರುಮಾಡಿದಳು.